9% ಪ್ರೋಟೀನ್ ಎಂದರೆ ಏನು? 2007ರ ಮೆಲಮೈನ್ ಪ್ರಕರಣ ಮತ್ತು ಬೆಕ್ಕು-ನಾಯಿ ಆಹಾರದ ಲೇಬಲ್

2007ರ ಮಾರ್ಚ್ 16ರಂದು ಕೆನಡಾದ ಆಂಟೇರಿಯೊ ಪ್ರಾಂತ್ಯದ ಮೆನು ಫುಡ್ಸ್ ಕಂಪನಿ ಬೆಕ್ಕು ಮತ್ತು ನಾಯಿಗಳ ಹಸಿ ಆಹಾರದ (ಬೇಯಿಸಿ ಮುಚ್ಚಿದ, ನೀರಿನಂಶ ಹೆಚ್ಚಿರುವ ಆಹಾರ) 6 ಕೋಟಿಗೂ ಹೆಚ್ಚು ಡಬ್ಬಿ, ಪೌಚ್‌ಗಳನ್ನು ಮಾರುಕಟ್ಟೆಯಿಂದ ವಾಪಸು ಪಡೆಯುವುದಾಗಿ ಪ್ರಕಟಿಸಿತು. ಎಲ್ಲವೂ ಗ್ರೇವಿಯಲ್ಲಿ ಮಾಂಸದ ತುಂಡು ತೇಲುವ ಬಗೆಯವು. ತಯಾರಾದದ್ದು 2006ರ ಡಿಸೆಂಬರ್ 3ರಿಂದ 2007ರ ಮಾರ್ಚ್ 6ರ ನಡುವೆ, ಅಮೆರಿಕದ ಕಾನ್ಸಸ್ ಮತ್ತು ನ್ಯೂಜೆರ್ಸಿಯ ಕಾರ್ಖಾನೆಗಳಲ್ಲಿ. ಅದನ್ನು ತಿಂದ ಬೆಕ್ಕು, ನಾಯಿಗಳು ವಾಂತಿ ಮಾಡುತ್ತಿದ್ದವು, ಊಟ ಬಿಡುತ್ತಿದ್ದವು, ಮಂಕಾಗಿ ಮೂಲೆ ಸೇರುತ್ತಿದ್ದವು, ವಿಪರೀತ ನೀರು ಕುಡಿಯುತ್ತಿದ್ದವು. ಕೆಲವೇ ದಿನಗಳಲ್ಲಿ ಕಿಡ್ನಿ ಕೈಕೊಡುತ್ತಿತ್ತು.

ಆ ಪೊಟ್ಟಣಗಳ ಮೇಲೆ ಪ್ರೋಟೀನ್ ಇಷ್ಟು, ಕೊಬ್ಬು ಇಷ್ಟು, ತೇವಾಂಶ ಇಷ್ಟು ಎಂದು ನಿಯಮದ ಪ್ರಕಾರವೇ ಅಚ್ಚಾಗಿತ್ತು. ಪದಾರ್ಥಗಳ ಪಟ್ಟಿಯಲ್ಲಿ ಗೋಧಿಯ ಗ್ಲುಟೆನ್ ಎಂಬ ಹೆಸರೂ ಇತ್ತು. ಯಾರಾದರೂ ಆಹಾರವನ್ನು ಪ್ರಯೋಗಾಲಯಕ್ಕೆ ಒಯ್ದು ರೂಢಿಯ ವಿಧಾನದಲ್ಲಿ ಪ್ರೋಟೀನ್ ಅಳೆಸಿದ್ದರೆ ಅಂಕಿ ಕಡಿಮೆ ಬರುತ್ತಿರಲಿಲ್ಲ. ಲೇಬಲ್ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂದು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಪ್ರಕರಣ ಸಿಗುವುದು ಕಷ್ಟ.

ಗ್ಲುಟೆನ್ ಅಲ್ಲಿಗೆ ಬಂದದ್ದೇಕೆ

ಚಪಾತಿ ಹಿಟ್ಟಿನ ಉಂಡೆಯನ್ನು ನೀರಿನ ಬಟ್ಟಲಲ್ಲಿ ಹಿಸುಕುತ್ತಾ ತೊಳೆದರೆ ಪಿಷ್ಟವೆಲ್ಲ ಹಾಲಿನಂತೆ ಕರಗಿ ಹೋಗಿ, ರಬ್ಬರಿನಂಥ ಜಿಗುಟು ಮುದ್ದೆಯೊಂದು ಕೈಯಲ್ಲಿ ಉಳಿಯುತ್ತದೆ. ಅದೇ ಗ್ಲುಟೆನ್. ಒಣಗಿಸಿ ಪುಡಿ ಮಾಡಿದರೆ ಅದರಲ್ಲಿ ಸುಮಾರು 75% ಪ್ರೋಟೀನ್ ಇರುತ್ತದೆ. ಪೌಚಿನೊಳಗೆ ಇದಕ್ಕೆ ಎರಡು ಕೆಲಸ: ಅರೆದ ಮಾಂಸವನ್ನು ತುಂಡಿನ ಆಕಾರದಲ್ಲಿ ಹಿಡಿದಿಡುವುದು, ಗ್ರೇವಿಯನ್ನು ಮಂದ ಮಾಡುವುದು. ಹಾಗೆ ಮಾಡುತ್ತಲೇ ಪ್ರೋಟೀನ್ ಅಂಕಿಯನ್ನೂ ಅದು ಮೇಲಕ್ಕೆತ್ತುತ್ತದೆ.

ಗ್ಲುಟೆನ್ ವಿಷವಲ್ಲ. ಬೆಕ್ಕು, ನಾಯಿಗಳಿಗೆ ಅದು ಚೆನ್ನಾಗಿಯೇ ಜೀರ್ಣವಾಗುತ್ತದೆ. ಅದರಲ್ಲಿ ಪ್ರೋಟೀನ್ ಕಟ್ಟುವ ಬಿಡಿಭಾಗಗಳಾದ ಅಮೈನೊ ಆಮ್ಲಗಳಲ್ಲಿ ಒಂದಾದ ಲೈಸಿನ್ ಕಡಿಮೆ. ಬೆಕ್ಕಿಗೆ ಅನಿವಾರ್ಯವಾದ ಟಾರಿನ್ ಎಂಬ ಪೋಷಕಾಂಶ ಗಿಡಮೂಲದ ಬೇರೆ ಪ್ರೋಟೀನ್‌ಗಳಲ್ಲಿ ಇಲ್ಲದಂತೆ ಇದರಲ್ಲೂ ಇಲ್ಲ. ಈ ಕೊರತೆಗಳನ್ನು ಬೇರೆ ಪದಾರ್ಥಗಳಿಂದ ತುಂಬಿದರೆ ಆಯಿತು. ಈ ಪ್ರಕರಣವನ್ನು ಕೇಳಿ 'ಧಾನ್ಯವೇ ಬೇಡ' ಎಂದು ತೀರ್ಮಾನಿಸುವವರು ಕಾಯಿಲೆಯ ಮೂಲವನ್ನೇ ತಪ್ಪಾಗಿ ಹಿಡಿಯುತ್ತಾರೆ. ಬಟಾಣಿ, ಕಾಳುಗಳನ್ನು ಹೆಚ್ಚಾಗಿ ಬಳಸಿದ ಧಾನ್ಯರಹಿತ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧವಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 2018ರ ಜುಲೈನಿಂದ ತನಿಖೆ ನಡೆಸಬೇಕಾಯಿತು. ಧಾನ್ಯ ಇಲ್ಲ ಎಂಬ ಒಂದೇ ಮಾತು ಯಾವ ಪೊಟ್ಟಣಕ್ಕೂ ಸುರಕ್ಷತೆಯ ಮುದ್ರೆ ಆಗುವುದಿಲ್ಲ.

ಮೆನು ಫುಡ್ಸ್‌ಗೆ ಗ್ಲುಟೆನ್ ಹೊಸ ದಾರಿಯಲ್ಲಿ ಬರತೊಡಗಿತ್ತು. ಚೀನಾದ ಶುಝೋ ಆನ್‌ಯಿಂಗ್ ಕಂಪನಿಯ ಸರಕನ್ನು ಲಾಸ್ ವೇಗಸ್‌ನ ಕೆಮ್‌ನ್ಯೂಟ್ರಾ ಆಮದು ಮಾಡಿ ಒದಗಿಸುತ್ತಿತ್ತು. ಕನಿಷ್ಠ 75% ಪ್ರೋಟೀನ್ ಇರಬೇಕೆಂಬುದು ಒಪ್ಪಂದದ ಷರತ್ತು. 2006ರ ನವೆಂಬರ್‌ನಿಂದ 2007ರ ಫೆಬ್ರುವರಿವರೆಗೆ ಹೀಗೆ 800 ಟನ್‌ಗೂ ಹೆಚ್ಚು ಸರಕು ಬಂತೆಂದು ಮುಂದೆ ಅಮೆರಿಕದ ದೋಷಾರೋಪ ಪಟ್ಟಿ ಹೇಳಿತು. ಫೆಬ್ರುವರಿ ಕೊನೆಯ ಹೊತ್ತಿಗೆ ಗ್ರಾಹಕರ ದೂರು ಬರತೊಡಗಿದವು. ಕಂಪನಿಯ ರುಚಿ ಪರೀಕ್ಷೆಗೆ ಇಟ್ಟಿದ್ದ ಪ್ರಾಣಿಗಳೂ ಕೆಲವು ಸತ್ತವು. ಕಾಯಿಲೆ ಕಾಣಿಸಿದ ಕಾಲ ಹೊಸ ಪೂರೈಕೆದಾರರ ಗ್ಲುಟೆನ್ ಬಳಕೆಗೆ ಬಂದ ಕಾಲಕ್ಕೆ ಹೊಂದುತ್ತಿತ್ತು.

ಕಾರಣ ಹುಡುಕುವಾಗ ಮೊದಲು ದಾರಿ ತಪ್ಪಿತು. ಮಾರ್ಚ್ 23ರಂದು ನ್ಯೂಯಾರ್ಕ್ ರಾಜ್ಯದ ಪ್ರಯೋಗಾಲಯ ಅಮಿನೋಪ್ಟೆರಿನ್ ಎಂಬ ಇಲಿಪಾಷಾಣ ಸಿಕ್ಕಿತೆಂದಿತು; ಬೇರೆಡೆ ಅದು ದೃಢಪಡಲಿಲ್ಲ. ಮಾರ್ಚ್ 30ರಂದು ಎಫ್‌ಡಿಎ ಹೇಳಿದ ಹೆಸರು ಮೆಲಮೈನ್. ಮನೆಯಲ್ಲಿರುವ ಮೆಲಮೈನ್ ತಟ್ಟೆ, ಬಟ್ಟಲುಗಳ ಪ್ಲಾಸ್ಟಿಕ್ ತಯಾರಾಗುವುದು ಇದರಿಂದಲೇ.

ಪ್ರೋಟೀನ್ ಅಳೆಯದ ಪ್ರೋಟೀನ್ ಪರೀಕ್ಷೆ

ಲೇಬಲ್‌ನಲ್ಲಿ ಬರೆದಿರುವುದು ಬರೀ 'ಪ್ರೋಟೀನ್' ಅಲ್ಲ, 'ಕ್ರೂಡ್ ಪ್ರೋಟೀನ್'. ಆ ಕ್ರೂಡ್ ಎಂಬ ಪದ ಪ್ರೋಟೀನ್ ಒಳ್ಳೆಯದೋ ಕೆಟ್ಟದೋ ಎಂದು ಹೇಳುತ್ತಿಲ್ಲ. ಅಳೆದ ರೀತಿ ಒರಟು ಎನ್ನುತ್ತದೆ, ಅಷ್ಟೆ. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೋಹಾನ್ ಕೆಲ್ಡಾಲ್ ರೂಪಿಸಿದ ವಿಧಾನದಲ್ಲಿ ಮಾದರಿಯನ್ನು ಗಂಧಕಾಮ್ಲದಲ್ಲಿ ಕುದಿಸಿ, ಅದರ ಸಾರಜನಕವನ್ನೆಲ್ಲ ಅಮೋನಿಯಾ ರೂಪಕ್ಕೆ ತಂದು ಅಳೆಯುತ್ತಾರೆ. ಪ್ರೋಟೀನ್‌ನಲ್ಲಿ ಸರಾಸರಿ 16% ಸಾರಜನಕ ಇರುವುದರಿಂದ, ಸಿಕ್ಕ ಸಾರಜನಕವನ್ನು 6.25ರಿಂದ ಗುಣಿಸಿದರೆ ಬರುವುದು ಕ್ರೂಡ್ ಪ್ರೋಟೀನ್. ಮಾದರಿಯನ್ನು ಸುಟ್ಟು ಅಳೆಯುವ ಡ್ಯೂಮಾ ವಿಧಾನವೂ ಲೆಕ್ಕ ಹಾಕುವುದು ಸಾರಜನಕವನ್ನೇ. ಅದು ಕೋಳಿಮಾಂಸದಿಂದ ಬಂತೋ, ಗೋಧಿಯಿಂದ ಬಂತೋ, ರಾಸಾಯನಿಕದ ಚೀಲದಿಂದ ಬಂತೋ ಎಂಬುದು ಎರಡೂ ಪರೀಕ್ಷೆಗಳಿಗೆ ಗೊತ್ತಾಗುವುದಿಲ್ಲ.

ಹೊಲದ ಲೆಕ್ಕದಲ್ಲಿ ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಯೂರಿಯಾ ಮೂಟೆಯ ಮೇಲೆ ಸಾರಜನಕ 46% ಎಂದಿರುತ್ತದೆ. 6.25ರಿಂದ ಗುಣಿಸಿ: 287.5. ಅಂದರೆ ಈ ಪರೀಕ್ಷೆಯ ಕಣ್ಣಿಗೆ ಯೂರಿಯಾ '287% ಪ್ರೋಟೀನ್'. ಮೆಲಮೈನ್‌ನ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ, 66.6%, ಸಾರಜನಕವೇ. ಗುಣಿಸಿದರೆ 416. ಹಸುವಿನ ಮೆಲುಕು ಚೀಲದ ಸೂಕ್ಷ್ಮಜೀವಿಗಳು ಮಿತವಾದ ಯೂರಿಯಾದಿಂದ ಪ್ರೋಟೀನ್ ಕಟ್ಟಿಕೊಳ್ಳಬಲ್ಲವು. ಬೆಕ್ಕು, ನಾಯಿಗಳಿಗೆ ಆ ಚೀಲವೇ ಇಲ್ಲ.

2007ರ ಮೇ ತಿಂಗಳಲ್ಲಿ ಎಫ್‌ಡಿಎ ಇನ್ನೊಂದು ಸಂಗತಿ ಹೊರಗೆಡವಿತು. ಚೀಲದಲ್ಲಿ ಬಂದದ್ದು ಗ್ಲುಟೆನ್ನೇ ಅಲ್ಲ. ಸಾಧಾರಣ ಗೋಧಿ ಹಿಟ್ಟಿಗೆ ಮೆಲಮೈನ್ ಮತ್ತು ಅದರ ಸಂಬಂಧಿ ರಾಸಾಯನಿಕಗಳನ್ನು ಬೆರೆಸಿದ ಪುಡಿ. ಲೆಕ್ಕ ಸುಲಭ. 12% ಪ್ರೋಟೀನ್ ಇರುವ ಹಿಟ್ಟು 84 ಕೆ.ಜಿ. ತೆಗೆದುಕೊಂಡರೆ ಅದರಲ್ಲಿ ನಿಜವಾದ ಪ್ರೋಟೀನ್ 10.1 ಕೆ.ಜಿ. ಅದಕ್ಕೆ 16 ಕೆ.ಜಿ. ಮೆಲಮೈನ್ ಸೇರಿಸಿದರೆ ಪರೀಕ್ಷೆಗೆ ಕಾಣುವ 'ಪ್ರೋಟೀನ್' ಇನ್ನೂ 66.6 ಕೆ.ಜಿ. ಒಟ್ಟು 76.7%. ಒಪ್ಪಂದದ 75% ದಾಟಿತು. ಗೋಧಿ ಹಿಟ್ಟಿನ ಬೆಲೆಯ ಸರಕು ಗ್ಲುಟೆನ್ ಬೆಲೆಗೆ ಹೋಯಿತು.

ಕಿಡ್ನಿಯೊಳಗೆ ನಡೆದದ್ದು

ಮೆಲಮೈನ್ ಒಂದೇ ಆಗಿದ್ದರೆ ಇಷ್ಟು ಸಾವು ಆಗುತ್ತಿರಲಿಲ್ಲವೇನೋ. ಬೆರೆಸಿದ್ದು ಶುದ್ಧ ಮೆಲಮೈನ್ ಅಲ್ಲ. ಅದರ ಜೊತೆಗೆ ಸಯನ್ಯೂರಿಕ್ ಆಮ್ಲ ಎಂಬ ಸಂಬಂಧಿ ರಾಸಾಯನಿಕವೂ ಇತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಸಂಶೋಧಕರು ಬೆಕ್ಕುಗಳಿಗೆ ಎರಡನ್ನೂ ಬೇರೆ ಬೇರೆ ಕೊಟ್ಟು ನೋಡಿದಾಗ ಕಿಡ್ನಿಗೆ ಏನೂ ಆಗಲಿಲ್ಲ. ಒಟ್ಟಿಗೆ ಕೊಟ್ಟಾಗ ಎರಡು ದಿನದೊಳಗೆ ಕಿಡ್ನಿ ವಿಫಲವಾಯಿತು. ಎರಡೂ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು, ನೀರಿನಲ್ಲಿ ಕರಗದ ಹರಳುಗಳಾಗಿ, ಮೂತ್ರ ಸೋಸುವ ಸಣ್ಣ ನಾಳಗಳನ್ನು ಕಟ್ಟಿಬಿಡುತ್ತವೆ. 2004ರಲ್ಲಿ ಏಷ್ಯಾದ ಕೆಲವು ದೇಶಗಳಲ್ಲಿ ನಾಯಿಗಳು ಹೀಗೇ ಕಿಡ್ನಿ ಕೆಟ್ಟು ಸತ್ತಿದ್ದವು. ಆಗ ಬೂಷ್ಟಿನ ವಿಷದ ಮೇಲೆ ಸಂಶಯ ಹೋಗಿತ್ತು. ಉಳಿಸಿಟ್ಟಿದ್ದ ಅಂಗಾಂಶಗಳನ್ನು 2007ರ ನಂತರ ಮತ್ತೆ ನೋಡಿದಾಗ ಅದೇ ಹರಳು, ಅದೇ ಎರಡು ರಾಸಾಯನಿಕಗಳು ಸಿಕ್ಕವು. ಮೂರು ವರ್ಷ ಮೊದಲೇ ಬಂದಿದ್ದ ಎಚ್ಚರಿಕೆ ಅದು.

ಸತ್ತವುಗಳ ನಿಖರ ಲೆಕ್ಕ ಯಾರೂ ಇಡಲಿಲ್ಲ. ಪಶುರೋಗ ಪತ್ತೆ ಪ್ರಯೋಗಾಲಯಗಳು ಸೇರಿ ಪರಿಶೀಲಿಸಿ ಒಪ್ಪಿದ ಪ್ರಕರಣಗಳು 347. ಅದರಲ್ಲಿ 235 ಬೆಕ್ಕು, 112 ನಾಯಿ. ಮಾಲೀಕರು ಎಫ್‌ಡಿಎಗೆ ತಿಳಿಸಿದ ಸಾವುಗಳು ಇದಕ್ಕಿಂತ ಬಹಳ ಹೆಚ್ಚು, ಸಾವಿರಗಳಲ್ಲಿ.

ಆ ಪೌಚನ್ನು ಈಗ ಓದೋಣ

ಲೆಕ್ಕಕ್ಕಾಗಿ 85 ಗ್ರಾಂನ ಒಂದು ಬೆಕ್ಕಿನ ಪೌಚ್ ಹಿಡಿಯೋಣ. ಅಂಕಿಗಳು ಮಾದರಿಗೆ ಇಟ್ಟವು, ಆದರೆ ಅಂಗಡಿಯಲ್ಲಿ ಸಿಗುವ ಪೌಚ್‌ಗಳಿಗೆ ಹತ್ತಿರದವು: ತೇವಾಂಶ ಗರಿಷ್ಠ 82%, ಕ್ರೂಡ್ ಪ್ರೋಟೀನ್ ಕನಿಷ್ಠ 9%, ಕೊಬ್ಬು ಕನಿಷ್ಠ 3%, ನಾರು ಗರಿಷ್ಠ 1%, ಬೂದಿ (ಸುಟ್ಟ ಮೇಲೆ ಉಳಿಯುವ ಖನಿಜಾಂಶ) 2.5%.

ಪಕ್ಕದಲ್ಲಿರುವ ಒಣ ಆಹಾರದ ಚೀಲದ ಮೇಲೆ ಪ್ರೋಟೀನ್ 32%, ತೇವಾಂಶ 10%. ಕೊಳ್ಳುವವರ ಕಣ್ಣು 9 ಮತ್ತು 32ರ ಮೇಲೆ ಹೋಗುತ್ತದೆ, ಅಲ್ಲೇ ತೀರ್ಮಾನವೂ ಆಗಿಬಿಡುತ್ತದೆ. ನೀರನ್ನು ಪಕ್ಕಕ್ಕಿಟ್ಟು ಹೋಲಿಸಬೇಕು. ಪೌಚಿನಲ್ಲಿ ನೀರು ತೆಗೆದರೆ ಉಳಿಯುವುದು 100ರಲ್ಲಿ 18. ಒಂಬತ್ತನ್ನು 18ರಿಂದ ಭಾಗಿಸಿದರೆ ಒಣ ತೂಕದಲ್ಲಿ ಪ್ರೋಟೀನ್ 50%. ಚೀಲದಲ್ಲಿ ಉಳಿಯುವುದು 90. 32ನ್ನು 90ರಿಂದ ಭಾಗಿಸಿದರೆ 35.6%. ಕಣ್ಣಿಗೆ ಕಡಿಮೆ ಕಂಡದ್ದೇ ಹೆಚ್ಚಿತ್ತು.

ಕ್ಯಾಲೊರಿ ಬರೆದಿರದಿದ್ದರೆ ಹೀಗೆ ಅಂದಾಜು ಮಾಡಬಹುದು. ಎಲ್ಲ ಅಂಕಿಗಳನ್ನೂ 100ರಿಂದ ಕಳೆದರೆ ಉಳಿಯುವುದು ಪಿಷ್ಟದ ಪಾಲು: 100 − 82 − 9 − 3 − 1 − 2.5 = 2.5. ಬೂದಿಯ ಅಂಕಿ ಇಲ್ಲದಿದ್ದರೆ ಹಸಿ ಆಹಾರಕ್ಕೆ 2ರಿಂದ 3, ಒಣ ಆಹಾರಕ್ಕೆ 7ರಿಂದ 8 ಎಂದು ಹಿಡಿದರೆ ಸಾಕು. ಆಮೇಲೆ ಪ್ರೋಟೀನ್ ಮತ್ತು ಪಿಷ್ಟವನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಬೇಕು: 31.5 + 8.75 + 25.5, ಸುಮಾರು 66 ಕಿಲೋ ಕ್ಯಾಲೊರಿ, ಅದೂ 100 ಗ್ರಾಂಗೆ. 85 ಗ್ರಾಂನ ಪೌಚಿಗೆ 56. ಒಣ ಆಹಾರದಲ್ಲಿ ಕೊಬ್ಬು 12, ನಾರು 4, ಬೂದಿ 8 ಆದರೆ ಪಿಷ್ಟ 34, ಶಕ್ತಿ 333. ಮನುಷ್ಯರ ಆಹಾರಕ್ಕೆ ಬಳಸುವ 4, 9, 4 ಎಂಬ ಗುಣಕಗಳನ್ನು ಇಲ್ಲಿ ಹಾಕಿದರೆ ಅಂಕಿ ಹೆಚ್ಚಾಗಿ ಬರುತ್ತದೆ, ಬೆಕ್ಕಿಗೆ ಊಟ ಕಡಿಮೆ ಬೀಳುತ್ತದೆ.

ಬೆಕ್ಕಿಗೆ ದಿನಕ್ಕೆಷ್ಟು ಬೇಕು? ತೂಕ 4 ಕೆ.ಜಿ. ಎನ್ನಿ. ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲಿ 4 × 4 × 4 = 64; ವರ್ಗಮೂಲದ ಗುಂಡಿ ಎರಡು ಸಲ ಒತ್ತಿದರೆ 2.83, 70ರಿಂದ ಗುಣಿಸಿದರೆ 198. ಇದು ಸುಮ್ಮನೆ ಮಲಗಿದ್ದರೂ ಬೇಕಾಗುವ ಶಕ್ತಿ. ಸಂತಾನಹರಣ ಆಗಿ ಮನೆಯೊಳಗೇ ಇರುವ ಬೆಕ್ಕಿಗೆ 1.2ರಿಂದ ಗುಣಿಸಿದರೆ ಸುಮಾರು 238. ಬರೀ ಪೌಚಿನ ಮೇಲೆಯೇ ಬದುಕಬೇಕಾದರೆ ದಿನಕ್ಕೆ ನಾಲ್ಕಕ್ಕೂ ಸ್ವಲ್ಪ ಹೆಚ್ಚು. ಇದು ಆರಂಭದ ಅಂದಾಜು. ಎರಡು ವಾರಕ್ಕೊಮ್ಮೆ ತೂಕ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಬೇಕು.

ಇನ್ನು 2007ರ ಸ್ಥಿತಿಯನ್ನು ಇದೇ ಪೌಚಿಗೆ ಹೊಂದಿಸಿ ನೋಡೋಣ. ಪಾಕದಲ್ಲಿ 4% ಗ್ಲುಟೆನ್ ಇತ್ತು ಎಂದುಕೊಂಡರೆ 9% ಪ್ರೋಟೀನ್‌ನಲ್ಲಿ 3 ಭಾಗ ಅದರಿಂದಲೇ ಬರಬೇಕು. ಬಂದದ್ದು ಕಲಬೆರಕೆ ಹಿಟ್ಟಾದರೆ ಆ ಮೂರರಲ್ಲಿ ನಿಜವಾದ ಪ್ರೋಟೀನ್ 0.4ರಷ್ಟು. ಲೇಬಲ್ 9 ಎನ್ನುತ್ತದೆ, ಪೊಟ್ಟಣದೊಳಗೆ ಇರುವುದು 6.4. ಅಚ್ಚರಿ ಎಂದರೆ ಒಣ ತೂಕದಲ್ಲಿ ಅದೂ 35.6% ಆಗುತ್ತದೆ. ವಯಸ್ಕ ಬೆಕ್ಕಿಗೆ ಅಮೆರಿಕದ ಮಾನದಂಡ ಕೇಳುವ ಕನಿಷ್ಠ 26% ಮಾತ್ರ. ಹಾಗಾಗಿ ಪ್ರೋಟೀನ್ ಕೊರತೆಯ ಲಕ್ಷಣ ಯಾವ ಬೆಕ್ಕಿನಲ್ಲೂ ಕಾಣುತ್ತಿರಲಿಲ್ಲ. ಕೊಂದದ್ದು ಕೊರತೆಯಲ್ಲ, ಕೊರತೆ ಮುಚ್ಚಲು ಹಾಕಿದ ಪುಡಿ. ಆ ಪುಡಿಯಲ್ಲಿ 8% ಮೆಲಮೈನ್ ಇದ್ದರೂ ಒಂದು ಪೌಚಿನಲ್ಲಿ ಕಾಲು ಗ್ರಾಂ, ದಿನಕ್ಕೆ ನಾಲ್ಕು ತಿನ್ನುವ ಬೆಕ್ಕಿಗೆ ಒಂದು ಗ್ರಾಂ. ದಿನಾ ಒಂದೇ ಆಹಾರ ತಿನ್ನುವ ಪ್ರಾಣಿಗೆ ಅದನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಮಾನದಂಡ ಯಾರದು, ಎಷ್ಟರ ಮಟ್ಟಿಗೆ

ಇಲ್ಲಿನ ಅಂಗಡಿಯ ಎಷ್ಟೋ ಪೊಟ್ಟಣಗಳ ಮೇಲೆ ಎಎಎಫ್‌ಸಿಒ ಎಂಬ ಅಕ್ಷರಗಳು ಕಾಣುತ್ತವೆ. ಅದು ಅಮೆರಿಕದ ಮೇವು ನಿಯಂತ್ರಣ ಅಧಿಕಾರಿಗಳ ಸಂಘ. ಪೋಷಕಾಂಶಗಳ ಕನಿಷ್ಠ, ಗರಿಷ್ಠ ಮಿತಿಗಳನ್ನು, ಲೇಬಲ್‌ನ ಮಾದರಿ ನಿಯಮಗಳನ್ನು ಅದು ರೂಪಿಸುತ್ತದೆ. ಯಾವ ಆಹಾರವನ್ನೂ ಅದು ಪರೀಕ್ಷಿಸುವುದಿಲ್ಲ, ಅನುಮೋದಿಸುವುದೂ ಇಲ್ಲ. 'ಎಎಎಫ್‌ಸಿಒ ಅನುಮೋದಿತ' ಎಂದು ಯಾರಾದರೂ ಬರೆದುಕೊಂಡಿದ್ದರೆ ಅವರ ಉಳಿದ ಮಾತುಗಳನ್ನೂ ಅನುಮಾನದಿಂದಲೇ ಓದಬೇಕು. ಯುರೋಪಿನಲ್ಲಿ ಇಂಥ ಮಾರ್ಗಸೂಚಿ ಹೊರಡಿಸುವುದು ಫೆಡಿಯಾಫ್. ಅದು ತಯಾರಕರದೇ ಒಕ್ಕೂಟ.

ನೋಡಬೇಕಾದ ಸಾಲು ಚಿಕ್ಕ ಅಕ್ಷರದಲ್ಲಿ, ಹೆಚ್ಚಾಗಿ ಹಿಂಬದಿಯಲ್ಲಿರುತ್ತದೆ. ಅದರಲ್ಲಿ ಎರಡು ಸಂಗತಿಗಳನ್ನು ಹುಡುಕಬೇಕು. ಒಂದು, 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಎಂದಿದೆಯೇ, ಇದ್ದರೆ ಯಾವ ವಯಸ್ಸಿಗೆ: ಬೆಳೆಯುವ ಮರಿಗೋ, ವಯಸ್ಕಕ್ಕೋ, ಎಲ್ಲಕ್ಕೂ ಒಂದೆಯೋ. ಬೆಕ್ಕಿಗೆ ಬೆಳವಣಿಗೆಯ ಹಂತದಲ್ಲಿ ಕನಿಷ್ಠ ಪ್ರೋಟೀನ್ ಒಣ ತೂಕದ 30%, ವಯಸ್ಕ ಹಂತದಲ್ಲಿ 26%. ನಾಯಿಗೆ ಇವೇ 22.5% ಮತ್ತು 18%. 'ಕಾಂಪ್ಲಿಮೆಂಟರಿ' ಅಥವಾ 'ಸಪ್ಲಿಮೆಂಟಲ್' ಎಂದಿದ್ದರೆ ಅದು ಊಟವಲ್ಲ, ಊಟದ ಜೊತೆಗಿನದು. ನೆಕ್ಕಿಸುವ ಕ್ರೀಮಿನ ಟ್ಯೂಬುಗಳು ಹೆಚ್ಚಾಗಿ ಈ ಸಾಲಿಗೇ ಸೇರುತ್ತವೆ. ಬೆಕ್ಕು ಇಷ್ಟಪಡುತ್ತದೆಂದು ಬರೀ ಅವನ್ನೇ ಕೊಡುತ್ತಾ ಹೋದರೆ ತೊಂದರೆ ಖಂಡಿತ.

ಇನ್ನೊಂದು, ಆ ಮಾತಿಗೆ ಆಧಾರವೇನು ಎಂಬುದು. ಪೋಷಕಾಂಶದ ಕೋಷ್ಟಕಕ್ಕೆ ಹೊಂದುವಂತೆ 'ಫಾರ್ಮ್ಯುಲೇಟೆಡ್' ಎಂದಿದ್ದರೆ ಪಾಕದ ಲೆಕ್ಕ ಅಥವಾ ವಿಶ್ಲೇಷಣೆ ಕೋಷ್ಟಕಕ್ಕೆ ಸರಿಹೊಂದಿದೆ ಎಂದರ್ಥ. 'ಫೀಡಿಂಗ್ ಟೆಸ್ಟ್' ಎಂದಿದ್ದರೆ ಪ್ರಾಣಿಗಳಿಗೆ ತಿನ್ನಿಸಿ ನೋಡಿದ್ದಾರೆ. ವಯಸ್ಕ ಪ್ರಾಣಿಗಳ ಪರೀಕ್ಷೆಗೆ ಕನಿಷ್ಠ 8 ಪ್ರಾಣಿ, 26 ವಾರ, ತೂಕದ ದಾಖಲೆ, ಕೊನೆಯಲ್ಲಿ ರಕ್ತಪರೀಕ್ಷೆ. ಎರಡನೆಯದು ಹೆಚ್ಚು ಗಟ್ಟಿ. ಪಾಕದಲ್ಲಿ ಇದ್ದದ್ದು ದೇಹಕ್ಕೆ ದಕ್ಕುತ್ತದೆಯೇ ಎಂಬುದನ್ನೂ ಅದು ಒಂದಿಷ್ಟು ತೋರಿಸುತ್ತದೆ. ಹಾಗಿದ್ದರೂ ಅದು ಪಾಕಕ್ಕೆ ಒಮ್ಮೆ ಮಾಡಿದ ಪರೀಕ್ಷೆ. ಎರಡು ವರ್ಷದ ನಂತರ ಬೇರೆ ಪೂರೈಕೆದಾರರ ಚೀಲ ಒಡೆದು ತಯಾರಿಸಿದ ಒಂದು ಬ್ಯಾಚಿಗೆ ಅದರಿಂದ ರಕ್ಷಣೆ ಸಿಗದು. 2007ರಲ್ಲಿ ತಪ್ಪು ಬಂದದ್ದು ಪಾಕದಲ್ಲಲ್ಲ, ಬ್ಯಾಚಿನಲ್ಲಿ.

ಪ್ರೋಟೀನ್ ಅಂಕಿಗಿಂತ ಬೆಕ್ಕಿಗೆ ಮುಖ್ಯವಾದದ್ದು ಟಾರಿನ್ ಸಾಲು. ಒಣ ಆಹಾರಕ್ಕೆ ಒಣ ತೂಕದ ಕನಿಷ್ಠ 0.10%, ಡಬ್ಬಿ, ಪೌಚಿಗೆ 0.20%. ಡಬ್ಬಿಯ ಆಹಾರಕ್ಕೆ ಇಮ್ಮಡಿ ಬೇಕಾಗುವುದು ಏಕೆಂದರೆ ಮುಚ್ಚಿ ಬೇಯಿಸಿದ ಆಹಾರ ತಿಂದಾಗ ಕರುಳಿನ ಸೂಕ್ಷ್ಮಜೀವಿಗಳು ಹೆಚ್ಚು ಟಾರಿನ್ ಒಡೆದುಬಿಡುತ್ತವೆ. 1987ರಲ್ಲಿ ಡೇವಿಸ್‌ನ ವೈದ್ಯರು ಟಾರಿನ್ ಕೊರತೆಗೂ ಬೆಕ್ಕುಗಳ ಹೃದಯ ಹಿಗ್ಗುವುದಕ್ಕೂ ಸಂಬಂಧ ತೋರಿಸಿದರು. ಆ ಬೆಕ್ಕುಗಳು ತಿನ್ನುತ್ತಿದ್ದುದು ಅಂಗಡಿಯ ಆಹಾರವನ್ನೇ. ಮಾನದಂಡಗಳನ್ನು ಆಮೇಲೆ ತಿದ್ದಿದರು. ಮೊಸರನ್ನ ತಿಂದು ಬೆಳೆದ ಬೆಕ್ಕು, ನಾಯಿಯ ಆಹಾರ ಹಂಚಿಕೊಂಡು ತಿನ್ನುವ ಬೆಕ್ಕು, ಎರಡಕ್ಕೂ ಈ ಕೊರತೆಯ ಅಪಾಯ ಇದೆ.

ಲೇಬಲ್ ಮೇಲೆ ಇಲ್ಲದ ಸಾಲು

2007ರಲ್ಲಿ ಜನ ಹೆಚ್ಚು ಕಂಗಾಲಾದದ್ದು ಬ್ರ್ಯಾಂಡ್‌ಗಳ ಪಟ್ಟಿ ಬೆಳೆಯುತ್ತಾ ಹೋದಾಗ. ಸೂಪರ್‌ಮಾರ್ಕೆಟ್‌ನ ಅಗ್ಗದ ಡಬ್ಬಿಯಿಂದ ಹಿಡಿದು ದುಬಾರಿ ಪೌಚ್‌ವರೆಗೆ ಹತ್ತಾರು ಹೆಸರುಗಳು. ಎಲ್ಲದರ ಹಿಂದೆ ಇದ್ದದ್ದು ಅದೇ ಕಾರ್ಖಾನೆಗಳು. ಅಲ್ಲಿನ ನಿಯಮದಂತೆ ತಯಾರಕರ ಅಥವಾ ವಿತರಕರ, ಯಾರಾದರೂ ಒಬ್ಬರ ಹೆಸರು, ವಿಳಾಸ ಇದ್ದರೆ ಸಾಕು. 'ಮ್ಯಾನುಫ್ಯಾಕ್ಚರ್ಡ್ ಫಾರ್' ಎಂಬ ಮಾತಿನ ಮುಂದೆ ಇರುವುದು ತಯಾರಿಸಿದವರ ಹೆಸರಲ್ಲ, ಮಾಡಿಸಿಕೊಂಡವರ ಹೆಸರು. 'ಮ್ಯಾನುಫ್ಯಾಕ್ಚರ್ಡ್ ಬೈ' ಎಂಬುದು ಬೇರೆ. ಬೆಲೆ ಹೆಚ್ಚಾದ ಮಾತ್ರಕ್ಕೆ ಬೇರೆ ಕಾರ್ಖಾನೆ ಎಂದು ನಂಬಿದವರು ಮೋಸಹೋದರು. ಏಪ್ರಿಲ್‌ನಲ್ಲಿ ಅಕ್ಕಿಯ ಪ್ರೋಟೀನ್ ಪುಡಿಯಲ್ಲೂ ಮೆಲಮೈನ್ ಸಿಕ್ಕಿತು. ಗೋಧಿ ಬಿಟ್ಟು ಅಕ್ಕಿಗೆ ಬದಲಾಯಿಸಿದರೂ ಅಪಾಯ ಹಾಗೇ ಉಳಿದಿತ್ತು.

ಹೆಸರಿನ ಆಟವನ್ನೂ ಇಲ್ಲೇ ಹೇಳಿಬಿಡಬೇಕು. ಅಮೆರಿಕದ ಮಾದರಿ ನಿಯಮದಲ್ಲಿ 'ಚಿಕನ್ ಕ್ಯಾಟ್ ಫುಡ್' ಎನ್ನಲು ಗ್ರೇವಿಗೆ ಸೇರಿಸಿದ ನೀರು ಬಿಟ್ಟು ಉಳಿದ ತೂಕದಲ್ಲಿ 95% ಕೋಳಿ ಇರಬೇಕು. 'ಚಿಕನ್ ಡಿನ್ನರ್' ಎನ್ನಲು 25% ಸಾಕು. 'ವಿತ್ ಚಿಕನ್' ಎಂದರೆ 3%. 'ಚಿಕನ್ ಫ್ಲೇವರ್' ಎಂದರೆ ರುಚಿ ಗೊತ್ತಾಗುವಷ್ಟಿದ್ದರೆ ಆಯಿತು. ಪದಾರ್ಥದ ಪಟ್ಟಿ ಇಳಿಕೆಯ ತೂಕದ ಕ್ರಮದಲ್ಲಿರುತ್ತದೆ, ಆದರೆ ಹಾಕುವಾಗಿನ ತೂಕ. ಹಸಿ ಕೋಳಿಯಲ್ಲಿ ಮುಕ್ಕಾಲು ಪಾಲು ನೀರು. ಮೊದಲ ಸಾಲಿನಲ್ಲಿ 'ಕೋಳಿ' ಎಂದಿದ್ದರೂ, ಮೂರನೆಯ ಸಾಲಿನ ಒಣ ಗ್ಲುಟೆನ್ ಅದಕ್ಕಿಂತ ಹೆಚ್ಚು ಪ್ರೋಟೀನ್ ತಂದಿರಬಹುದು.

ನಂತರ ಬದಲಾದದ್ದು, ನಮ್ಮ ಕಡೆಯ ಸ್ಥಿತಿ

ಅಮೆರಿಕ 2007ರ ಸೆಪ್ಟೆಂಬರ್‌ನಲ್ಲೇ ಕಾನೂನು ತಿದ್ದಿ ಸಾಕುಪ್ರಾಣಿ ಆಹಾರಕ್ಕೆ ಮಾನದಂಡ ಮತ್ತು ಮುನ್ನೆಚ್ಚರಿಕೆ ವ್ಯವಸ್ಥೆ ರೂಪಿಸಲು ಎಫ್‌ಡಿಎಗೆ ಹೇಳಿತು. 2011ರ ಆಹಾರ ಸುರಕ್ಷತಾ ಕಾಯ್ದೆ, ಅದರಡಿ 2015ರ ಪ್ರಾಣಿ ಆಹಾರ ನಿಯಮ ಬಂದ ಮೇಲೆ ಕಾರ್ಖಾನೆಗಳು ಅಪಾಯಗಳನ್ನು ಮೊದಲೇ ಗುರುತಿಸಿ ತಡೆಯುವ ಯೋಜನೆ ಬರೆದಿಟ್ಟು ಪಾಲಿಸಬೇಕಾಯಿತು. ಕೆಮ್‌ನ್ಯೂಟ್ರಾ ಮತ್ತು ಅದರ ಮಾಲೀಕರು 2009ರಲ್ಲಿ ತಪ್ಪೊಪ್ಪಿಕೊಂಡರು. ಬೆಕ್ಕು, ನಾಯಿ ಸಾಕಿದವರ ಪರಿಹಾರಕ್ಕೆ 2.4 ಕೋಟಿ ಡಾಲರ್‌ನ ನಿಧಿ ಆಯಿತು. 2010ರಲ್ಲಿ ಅಂತರರಾಷ್ಟ್ರೀಯ ಆಹಾರ ಮಾನದಂಡ ರೂಪಿಸುವ ಕೋಡೆಕ್ಸ್ ಆಯೋಗ ಆಹಾರ ಮತ್ತು ಮೇವಿನಲ್ಲಿ ಮೆಲಮೈನ್‌ಗೆ ಕೆ.ಜಿ.ಗೆ 2.5 ಮಿ.ಗ್ರಾಂ, ಶಿಶು ಹಾಲಿನ ಪುಡಿಗೆ 1 ಮಿ.ಗ್ರಾಂ ಮಿತಿ ಹಾಕಿತು.

ಶಿಶುಗಳ ಹೆಸರು ಇಲ್ಲಿ ಬಂದದ್ದಕ್ಕೆ ಕಾರಣ ಇದೆ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಇದೇ ಮೆಲಮೈನ್ ಸೇರಿಸಿ ಪ್ರೋಟೀನ್ ಅಂಕಿ ಏರಿಸಿದರು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, 6 ಮಕ್ಕಳು ಸತ್ತರು. ಭಾರತ ಆ ಸೆಪ್ಟೆಂಬರ್‌ನಿಂದಲೇ ಚೀನಾದ ಹಾಲಿನ ಉತ್ಪನ್ನಗಳ ಆಮದು ನಿಷೇಧಿಸಿತು. ಹಾಲಿನ ಡೇರಿಗೆ ಹಾಲು ಹಾಕುವ ಹಳ್ಳಿಗಳಲ್ಲಿ ಯೂರಿಯಾ ಬೆರಕೆಯ ಹೆಸರು ಹೊಸದಲ್ಲ. ಕೊಬ್ಬು ಬಿಟ್ಟು ಉಳಿದ ಘನಾಂಶದ ಅಂಕಿಗೆ ಹಣ ಕೊಡುವಲ್ಲಿ ಅಂಕಿಯನ್ನಷ್ಟೇ ಏರಿಸುವ ಆಸೆಯೂ ಹುಟ್ಟುತ್ತದೆ. ಪ್ರಾಣಿಗಳ ಸಾವನ್ನು ಮೊದಲೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಆ ಮಕ್ಕಳ ವಿಷಯದಲ್ಲಿ ಎಚ್ಚರ ಬೇಗ ಬರಬಹುದಿತ್ತು ಎಂದು ಅನ್ನಿಸದೆ ಇರದು.

ಭಾರತದಲ್ಲಿ ಬೆಕ್ಕು, ನಾಯಿಯ ಆಹಾರ ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಕಾಯ್ದೆಯ 'ಆಹಾರ' ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. 2006ರ ಆ ಕಾಯ್ದೆ ಪ್ರಾಣಿಗಳ ಮೇವನ್ನು ಹೊರಗಿಟ್ಟಿದೆ. ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್‌ನ ಐಎಸ್ 11968 ನಾಯಿ, ಬೆಕ್ಕಿನ ಆಹಾರದ ಮಾನಕ. ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ನಿವ್ವಳ ತೂಕ, ತಿಂಗಳು, ವರ್ಷ, ಗರಿಷ್ಠ ಬೆಲೆ, ದೂರಿನ ಸಂಪರ್ಕ ಇರಲೇಬೇಕೆಂದು ಹೇಳುವುದು 2011ರ ಕಾನೂನುಬದ್ಧ ಮಾಪನಶಾಸ್ತ್ರದ ಪೊಟ್ಟಣ ನಿಯಮಗಳು. ಈ ಸಂಪರ್ಕ ಸಂಖ್ಯೆಯನ್ನು ಬಳಸಬೇಕು. ಕೇಳಬೇಕಾದದ್ದು: ಈ ಆಹಾರ ನಿಮ್ಮದೇ ಕಾರ್ಖಾನೆಯಲ್ಲಿ ತಯಾರಾಗುತ್ತದೆಯೇ, ಬೇರೆಯವರಲ್ಲಿಯೇ? ಪಾಕ ಬರೆದವರ ಓದು ಏನು? ಕನಿಷ್ಠ, ಗರಿಷ್ಠ ಬೇಡ, ಸರಾಸರಿ ವಿಶ್ಲೇಷಣೆಯ ಅಂಕಿ ಕೊಡುತ್ತೀರಾ? 100 ಗ್ರಾಂಗೆ ಕ್ಯಾಲೊರಿ ಎಷ್ಟು? ಬಂದ ಪ್ರೋಟೀನ್ ಪದಾರ್ಥವನ್ನು ಬ್ಯಾಚಿಗೊಮ್ಮೆ ಯಾವ ಪರೀಕ್ಷೆಗೆ ಒಡ್ಡುತ್ತೀರಿ, ಬರೀ ಸಾರಜನಕವೋ, ಅಮೈನೊ ಆಮ್ಲಗಳ ಪಟ್ಟಿಯೂ ಇದೆಯೋ? ಕೊನೆಯ ಪ್ರಶ್ನೆಯೇ 2007ರ ಪಾಠ. ಅಮೈನೊ ಆಮ್ಲಗಳ ಪರೀಕ್ಷೆಯಲ್ಲಿ ಮೆಲಮೈನ್ ಪ್ರೋಟೀನ್ ಆಗಿ ಕಾಣಿಸಿಕೊಳ್ಳಲಾರದು. ಉತ್ತರ ಕೊಡಲು ಹಿಂಜರಿಯುವ ಕಂಪನಿಯ ಪೊಟ್ಟಣವನ್ನು ದಿನದ ಏಕೈಕ ಊಟ ಮಾಡಬೇಡಿ.

ಮನೆಯಲ್ಲಿ ಮಾಡಬಹುದಾದ ಕೆಲಸ ಇಷ್ಟಿದೆ. ಒಣ ಆಹಾರವನ್ನು ಡಬ್ಬಿಗೆ ಸುರಿದು ಚೀಲ ಎಸೆಯುವ ಅಭ್ಯಾಸ ಬಿಡಬೇಕು. ಬ್ಯಾಚ್ ಸಂಖ್ಯೆ ಮತ್ತು ತಯಾರಿಕೆಯ ದಿನ ಇರುವ ತುಣುಕನ್ನು ಕತ್ತರಿಸಿ ಅದೇ ಡಬ್ಬಿಯ ಮೇಲೆ ಅಂಟಿಸಿ, ಇಲ್ಲವೇ ಫೋಟೊ ತೆಗೆದಿಡಿ. 2007ರಲ್ಲಿ ಮೂರು ತಿಂಗಳ ದಿನಾಂಕಗಳ ಮೇಲೆಯೇ ಸರಕು ಗುರುತಿಸಿದ್ದರು. ಅಂಕಿ ಕೈಯಲ್ಲಿಲ್ಲದವರಿಗೆ ತಮ್ಮದೂ ಅದರಲ್ಲಿತ್ತೇ ಎಂದು ತಿಳಿಯುವ ದಾರಿ ಇರಲಿಲ್ಲ. ಹೊಸ ಚೀಲ ಒಡೆದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅದಾದ ಮೇಲೆ ಇದ್ದಕ್ಕಿದ್ದಂತೆ ವಾಂತಿ, ಊಟ ಬಿಡುವುದು, ಅತಿಯಾದ ಬಾಯಾರಿಕೆ ಕಂಡರೆ ಆ ಆಹಾರ ನಿಲ್ಲಿಸಿ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಿರಿ. ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ಯೂರಿಯಾ, ಮೂತ್ರದ ಸಾಂದ್ರತೆ ಮತ್ತು ಹರಳು ನೋಡಿಸಿ. ಮಿಕ್ಕ ಆಹಾರವನ್ನು ಚೆಲ್ಲಬೇಡಿ: ಅರ್ಧ ತಿಂದ ಪೌಚನ್ನು ಬಿಗಿಯಾದ ಕವರಿನಲ್ಲಿ ಕಟ್ಟಿ, ಮೇಲೆ ದಿನಾಂಕ ಬರೆದು ಫ್ರೀಜರ್‌ನಲ್ಲಿಡಿ, ಒಡೆಯದ ಒಂದೆರಡು ಪೌಚುಗಳನ್ನೂ ಅದೇ ಬ್ಯಾಚಿನವು ಆರಿಸಿ ಪಕ್ಕಕ್ಕಿಡಿ. ಪ್ರಯೋಗಾಲಯ ಮೊದಲು ಕೇಳುವುದು ಆ ಮಾದರಿಯನ್ನೇ.